ಅಪ್ಪ ಒಮ್ಮೆ ಮಾತ್ರ ಬಂದಿದ್ದ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2003ರಲ್ಲಿ ಒಂದು ಓತಿಯನ್ನು ತನ್ನ ಅಧಿಕೃತ ಸರೀಸೃಪವೆಂದು ಆರಿಸಿಕೊಂಡಿತು. ಬಾಲವೂ ಸೇರಿ ಗೇಣುದ್ದದ ಪ್ರಾಣಿ, ಬೆನ್ನಿನುದ್ದಕ್ಕೂ ತಿಳಿಹಳದಿಯ ಏಳು ಗೆರೆ, ಚಾವಟಿಯಂತೆ ಸಪೂರವಾಗುತ್ತ ಹೋಗುವ ಬಾಲ. ಆ ಬಾಲದಿಂದಲೇ ಈ ಬಳಗಕ್ಕೆ ಇಂಗ್ಲಿಷಿನಲ್ಲಿ ‘ವಿಪ್‌ಟೇಲ್’ ಎಂದು ಹೆಸರು. ನಾವು ಚಾವಟಿಬಾಲದ ಓತಿ ಎನ್ನೋಣ. ಲಾಂಛನದ ಪಟ್ಟಿಗೆ ಸೇರಿದ ಈ ಪ್ರಭೇದದಲ್ಲಿ ಗಂಡೇ ಇಲ್ಲ. ಹೆಣ್ಣು ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಹೆಣ್ಣೇ ಹೊರಬರುತ್ತದೆ, ಅದು ಬೆಳೆದು ಮತ್ತೆ ಮೊಟ್ಟೆಯಿಡುತ್ತದೆ.

ಇಂಥ ಪ್ರಾಣಿಗೆ ವಿಜ್ಞಾನಿಗಳು ಕೊಟ್ಟ ಹೆಸರಿನ ಪಾಡು ಕೇಳಿ. 1952ರಲ್ಲಿ ಇದನ್ನು ಮೊದಲು ವಿವರಿಸಿದಾಗ ‘ನೆಮಿಡೋಫೋರಸ್ ನಿಯೋಮೆಕ್ಸಿಕಾನಸ್’ ಎಂದರು. ಲ್ಯಾಟಿನ್ ವ್ಯಾಕರಣದ ಪ್ರಕಾರ ಅದು ಪುಲ್ಲಿಂಗ. 2002ರಲ್ಲಿ ಉತ್ತರ ಅಮೆರಿಕದ ಚಾವಟಿಬಾಲದ ಓತಿಗಳನ್ನೆಲ್ಲ ದಕ್ಷಿಣ ಅಮೆರಿಕದ ದಾಯಾದಿಗಳಿಂದ ಬೇರ್ಪಡಿಸಿ ‘ಆಸ್ಪಿಡೋಸೆಲಿಸ್’ ಎಂಬ ಹಳೆಯ ಕುಲನಾಮದ ಕೆಳಗೆ ತಂದರು. ಆ ಪದ ಸ್ತ್ರೀಲಿಂಗವೆಂದು ತಿಳಿದು ಓತಿಯನ್ನು ‘ನಿಯೋಮೆಕ್ಸಿಕಾನಾ’ ಮಾಡಿದರು. 2016ರಲ್ಲಿ ಇನ್ನೊಂದು ತಂಡ, ಆ ಗ್ರೀಕ್ ಮೂಲದ ಪದ ಪುಲ್ಲಿಂಗವೇ ಎಂದು ತೋರಿಸಿತು. ಓತಿ ಮತ್ತೆ ‘ನಿಯೋಮೆಕ್ಸಿಕಾನಸ್’ ಆಯಿತು. ಹೆಣ್ಣುಗಳೇ ತುಂಬಿದ ಪ್ರಭೇದಕ್ಕೆ ತಕ್ಕ ಲಿಂಗದ ಹೆಸರು ಉಳಿದದ್ದು ಹದಿನಾಲ್ಕು ವರ್ಷ ಮಾತ್ರ. ಹುಲಿ ಬಂದರೂ ಹುಲ್ಲೆ ಬಂದರೂ ‘ಬಂತು’ ಎಂದು ನಪುಂಸಕಲಿಂಗದಲ್ಲಿ ಮುಗಿಸುವ ಕನ್ನಡಕ್ಕೆ ಈ ತಲೆನೋವಿಲ್ಲ.

ವ್ಯಾಕರಣದ ಜಗಳ ತಮಾಷೆಯದು. ಅದರ ಕೆಳಗಿರುವ ಪ್ರಶ್ನೆ ಮಾತ್ರ ಗಟ್ಟಿ: ಕೂಡದೆ ಹುಟ್ಟುವ ಜೀವಿಗಳನ್ನು ಯಾವ ಅಳತೆಗೋಲಿನಿಂದ ಒಂದು ಪ್ರಭೇದ ಎನ್ನುವುದು? ಶಾಲೆಯಲ್ಲಿ ಕಲಿತ ಉತ್ತರ ಎಲ್ಲರಿಗೂ ನೆನಪಿದೆ. ತಮ್ಮೊಳಗೆ ಕೂಡಿ, ಮುಂದೆ ಮರಿಹಾಕಬಲ್ಲ ಮರಿಗಳನ್ನು ಪಡೆಯುವ ಗುಂಪೇ ಪ್ರಭೇದ. ಅರ್ನ್ಸ್ಟ್ ಮೇಯರ್ 1942ರಲ್ಲಿ ನೆಲೆಗೊಳಿಸಿದ ಈ ವ್ಯಾಖ್ಯೆಗೆ ನ್ಯೂ ಮೆಕ್ಸಿಕೊದ ಓತಿಯನ್ನು ಹಿಡಿದರೆ, ಒಂದೊಂದು ಹೆಣ್ಣೂ ಒಂದೊಂದು ಪ್ರಭೇದವಾಗಿಬಿಡುತ್ತದೆ.

ಗಂಡಿಲ್ಲದ ಓತಿಗಳು ಇರಬಹುದೆಂಬ ಸುಳಿವು ಮೊದಲು ಸಿಕ್ಕಿದ್ದು ಅಮೆರಿಕದಲ್ಲಲ್ಲ. ಆರ್ಮೇನಿಯಾದ ಬಂಡೆಗಳ ಮೇಲಿನ ಓತಿಗಳನ್ನು ನೋಡುತ್ತಿದ್ದ ಸೋವಿಯತ್ ಪ್ರಾಣಿಶಾಸ್ತ್ರಜ್ಞ ಇಲ್ಯಾ ದರೇವ್‌ಸ್ಕಿ 1958ರಲ್ಲಿ ಅದನ್ನು ವರದಿ ಮಾಡಿದರು. 1962ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಪಾಲ್ ಮಾಸ್ಲಿನ್ ಚಾವಟಿಬಾಲದ ಓತಿಗಳ ಕೆಲವು ಪ್ರಭೇದಗಳಲ್ಲಿಯೂ ಹೆಣ್ಣಷ್ಟೇ ಇದೆ ಎಂದು ಬರೆದರು. ಸಂಗ್ರಹಾಲಯಗಳ ಜಾಡಿಗಳಲ್ಲಿ ವರ್ಷಗಳಿಂದ ಕೂತಿದ್ದ ಓತಿಗಳನ್ನು ತೆಗೆದು ತೆಗೆದು ನೋಡಿದರೆ ಗಂಡು ಸಿಗಲಿಲ್ಲ. ಯಾರೋ ಹಿಡಿಯುವಾಗ ಬಿಟ್ಟಿರಬೇಕು ಎಂದು ಸಮಾಧಾನ ಮಾಡಿಕೊಳ್ಳುವ ಕಾಲ ಅಲ್ಲಿಗೆ ಮುಗಿಯಿತು. ಇಂದು ಆಸ್ಪಿಡೋಸೆಲಿಸ್ ಕುಲದ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಇಂಥದ್ದು.

‘ಗಂಡು ಬೇಡವೆಂದ ಓತಿ’ ಎಂಬ ಬಗೆಯ ತಲೆಬರಹಗಳನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಸುಳ್ಳೆಂದಲ್ಲ, ಅರ್ಧ ಕತೆಯನ್ನಷ್ಟೇ ಹೇಳುತ್ತವೆ ಎಂದು. ಈ ಪ್ರತಿಯೊಂದು ವಂಶಕ್ಕೂ ಒಬ್ಬ ಅಪ್ಪನಿದ್ದ. ಅವನು ಒಮ್ಮೆ ಮಾತ್ರ ಬಂದಿದ್ದ, ಬೇರೆ ಪ್ರಭೇದದಿಂದ ಬಂದಿದ್ದ. ನ್ಯೂ ಮೆಕ್ಸಿಕೊದ ಓತಿ ಮಿಶ್ರತಳಿ: ತಾಯಿ ಆಸ್ಪಿಡೋಸೆಲಿಸ್ ಮಾರ್ಮೊರೇಟಸ್, ತಂದೆ ಆಸ್ಪಿಡೋಸೆಲಿಸ್ ಇನಾರ್ನೇಟಸ್. ಇವೆರಡೂ ಗಂಡುಹೆಣ್ಣು ಕೂಡಿ ಸಂತಾನ ಪಡೆಯುವ ಮಾಮೂಲಿ ಪ್ರಭೇದಗಳು, ಇಂದಿಗೂ ಇವೆ. ಯಾರು ತಾಯಿ, ಯಾರು ತಂದೆ ಎಂಬುದು ತಿಳಿದದ್ದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್ಎಯಿಂದ. 1979ರ ಹೊತ್ತಿಗೆ ಅದನ್ನು ಹೋಲಿಸಿ ನೋಡಿದ್ದರು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ‘ಬರಿ’ ಎಂಬ ಕುಲದ ಹೆಸರು ತಾಯಿಯಿಂದ ಮಕ್ಕಳಿಗೆ ಇಳಿಯುವಂತೆ ಈ ಡಿಎನ್ಎ ತಾಯಿಯ ಕಡೆಯಿಂದಷ್ಟೇ ಇಳಿದುಬರುತ್ತದೆ. ಹಾಗಾಗಿ ಎಷ್ಟು ತಲೆಮಾರು ಕಳೆದರೂ ಮೊದಲ ಅಮ್ಮನ ಮನೆತನ ಯಾವುದೆಂದು ಹೇಳಿಬಿಡುತ್ತದೆ.

ಮಿಶ್ರತಳಿ ಎಂದಕೂಡಲೇ ನಮಗೆ ಹೇಸರಗತ್ತೆ ನೆನಪಾಗಬೇಕು. ಜೀನುಗಳನ್ನು ಹೊತ್ತ ವರ್ಣತಂತು (ಕ್ರೋಮೋಸೋಮ್) ಕುದುರೆಗೆ 64, ಕತ್ತೆಗೆ 62, ಹೇಸರಗತ್ತೆಗೆ 63. ದುಡಿಯುವುದರಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಮೀರಿಸಿದರೂ ಅದಕ್ಕೆ ಮರಿಯಾಗುವುದಿಲ್ಲ. ಮೊಟ್ಟೆಯಾಗಲಿ ವೀರ್ಯಾಣುವಾಗಲಿ ತಯಾರಾಗಬೇಕಾದರೆ ಅಪ್ಪನಿಂದ ಬಂದ ಪ್ರತಿ ವರ್ಣತಂತು ಅಮ್ಮನಿಂದ ಬಂದ ತನ್ನ ಜೊತೆಗಾರನನ್ನು ಗುರುತಿಸಿ ಪಕ್ಕದಲ್ಲಿ ನಿಲ್ಲಬೇಕು. ಹೇಸರಗತ್ತೆಯಲ್ಲಿ ಆ ಗುರುತೇ ಸರಿಯಾಗಿ ಹತ್ತುವುದಿಲ್ಲ. ಚಾವಟಿಬಾಲದ ಓತಿಗಳಲ್ಲಿ ಲೆಕ್ಕವೇನೋ ಕೂಡಿಬರುತ್ತದೆ: ಅಪ್ಪನಿಂದ 23, ಅಮ್ಮನಿಂದ 23. ಆದರೆ ಎರಡೂ ಕಡೆಯವು ಲಕ್ಷಾಂತರ ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದವು. ಮಿಶ್ರತಳಿಯ ಹೆಣ್ಣು ಹೇಸರಗತ್ತೆಯ ಹಾಗೆ ಬಂಜೆಯಾಗಿ ಉಳಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಅದು ತಪ್ಪಿಸಿಕೊಂಡ ದಾರಿ 2010ರವರೆಗೆ ಖಚಿತವಾಗಿ ತಿಳಿದಿರಲಿಲ್ಲ. ಆ ವರ್ಷ ಮಿಸೌರಿಯ ಕ್ಯಾನ್ಸಸ್ ಸಿಟಿಯ ಸ್ಟವರ್ಸ್ ಸಂಸ್ಥೆಯಲ್ಲಿ ಪೀಟರ್ ಬೌಮನ್ ಅವರ ತಂಡ, ಮೊಟ್ಟೆಯಾಗಲಿರುವ ಜೀವಕೋಶಗಳನ್ನು, ಅಂದರೆ ಬೆಳೆಯುತ್ತಿರುವ ಅಂಡಕೋಶಗಳನ್ನು, ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಜೋಡಿಗಳನ್ನು ಎಣಿಸಿತು. ಗಂಡುಹೆಣ್ಣು ಎರಡೂ ಇರುವ ಪ್ರಭೇದದ ಅಂಡಕೋಶದಲ್ಲಿ 23 ಜೋಡಿ. ಹೆಣ್ಣಷ್ಟೇ ಇರುವ ಪ್ರಭೇದದಲ್ಲಿ ಅದರ ಎರಡರಷ್ಟು, 46. ಅಂದರೆ ವಿಭಜನೆಗೆ ಇಳಿಯುವ ಮುನ್ನವೇ ಕೋಶವು ತನ್ನ ಎಲ್ಲ ವರ್ಣತಂತುಗಳ ಇನ್ನೊಂದು ಪ್ರತಿ ಮಾಡಿಟ್ಟುಕೊಂಡಿದೆ. 46 ಇದ್ದದ್ದು 92 ಆಗಿದೆ. ಈಗ ಅಪ್ಪನ ಕಡೆಯದ್ದು ಅಮ್ಮನ ಕಡೆಯದ್ದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪ್ರತಿಯೊಂದೂ ತನ್ನದೇ ನಕಲಿನ ಪಕ್ಕದಲ್ಲಿ ನಿಲ್ಲುತ್ತದೆ. ಎರಡು ಸುತ್ತಿನ ವಿಭಜನೆ ಮುಗಿದಾಗ ಮೊಟ್ಟೆಯಲ್ಲಿ 46 ಉಳಿದಿರುತ್ತವೆ. ವೀರ್ಯಾಣು ತಂದು ಸೇರಿಸಬೇಕಾದ ಬಾಕಿ ಏನೂ ಇಲ್ಲ.

ಇದರಲ್ಲಿ ಇನ್ನೂ ಒಂದು ಲಾಭವಿದೆ. ಮೊಟ್ಟೆ ತಯಾರಾಗುವಾಗ ಜೋಡಿಯಾದ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅಣ್ಣತಮ್ಮಂದಿರು ಒಂದೇ ಥರ ಇರದಿರುವುದಕ್ಕೆ ಅದೂ ಒಂದು ಕಾರಣ. ಇಲ್ಲಿಯೂ ಅದಲುಬದಲು ನಡೆಯುತ್ತದೆ, ಆದರೆ ತನ್ನ ನಕಲಿನೊಂದಿಗೇ. ಐನೂರರ ನೋಟು ಕೊಟ್ಟು ಐನೂರರದ್ದೇ ಇನ್ನೊಂದು ನೋಟು ಪಡೆದಂತೆ. ಹೀಗಾಗಿ ಮೊದಲ ಮಿಶ್ರತಳಿ ಹೆಣ್ಣಿನಲ್ಲಿ ಅಪ್ಪನದೆಷ್ಟು ಅಮ್ಮನದೆಷ್ಟು ಇತ್ತೋ, ಸಾವಿರಾರು ತಲೆಮಾರುಗಳ ಬಳಿಕವೂ ಬಹುಮಟ್ಟಿಗೆ ಅಷ್ಟೇ ಇರುತ್ತದೆ. ಅಪ್ಪ ಒಮ್ಮೆ ಬಂದು ಕೊಟ್ಟುಹೋದದ್ದು ಖರ್ಚಾಗದೆ ಉಳಿದಿದೆ.

ಇಷ್ಟು ಕೇಳಿ ಇದೊಂದು ಅಚ್ಚುಕಟ್ಟಾದ ಯಂತ್ರ ಎಂದುಕೊಳ್ಳಬೇಡಿ. ಅದೇ ಪ್ರಯೋಗಾಲಯ 2016ರಲ್ಲಿ ತೋರಿಸಿದಂತೆ, ಬಹುಪಾಲು ಅಂಡಕೋಶಗಳಲ್ಲಿ ಈ ದುಪ್ಪಟ್ಟು ನಡೆಯುವುದೇ ಇಲ್ಲ. ಅವು ಜೋಡಿ ಸಿಗದೆ ನಡುದಾರಿಯಲ್ಲಿ ನಿಂತುಹೋಗುತ್ತವೆ. ಎಲ್ಲೋ ಕೆಲವು ಮಾತ್ರ ದುಪ್ಪಟ್ಟಾಗಿ ದಡ ಸೇರುತ್ತವೆ. ಒಮ್ಮೆಗೆ ಇಡುವುದು ಹೆಚ್ಚೆಂದರೆ ನಾಲ್ಕು ಮೊಟ್ಟೆ. ಅಷ್ಟಕ್ಕೆ ಆ ಕೆಲವೇ ಸಾಕು.

ಕೆಲವು ವಂಶಗಳಲ್ಲಿ ಅಪ್ಪ ಎರಡನೇ ಸಲವೂ ಬಂದಿದ್ದಾನೆ. ಮಿಶ್ರತಳಿ ಹೆಣ್ಣಿನ ಮೊಟ್ಟೆಯಲ್ಲಿ ಆಗಲೇ 46 ವರ್ಣತಂತು ತುಂಬಿದ್ದಾಗ ನೆರೆಯ ಪ್ರಭೇದದ ಗಂಡಿನೊಡನೆ ಕೂಡಿದರೆ ಇನ್ನೊಂದು 23 ಸೇರಿ 69 ಆಗುತ್ತದೆ. ಆಸ್ಪಿಡೋಸೆಲಿಸ್ ಯೂನಿಪೇರೆನ್ಸ್ ಎಂಬ ಹುಲ್ಲುಗಾವಲಿನ ಓತಿ ಇಂಥ ಮೂರು ಕಂತೆಯದ್ದು, ಒಂದೊಂದು ಕಂತೆಯಲ್ಲಿ 23. ಅದರಲ್ಲಿ ಎರಡು ಕಂತೆ ಇನಾರ್ನೇಟಸ್ ಕಡೆಯವು. ಯೂನಿಪೇರೆನ್ಸ್ ಎಂದರೆ ಒಬ್ಬರೇ ಹೆತ್ತವರು. ಈ ಹೆಸರಿನ ಅದೃಷ್ಟವೆಂದರೆ ಲ್ಯಾಟಿನ್‌ನಲ್ಲಿ ಗಂಡಿಗೂ ಹೆಣ್ಣಿಗೂ ಅದರ ರೂಪ ಒಂದೇ, ಹಾಗಾಗಿ 2002ರಲ್ಲಾಗಲಿ 2016ರಲ್ಲಾಗಲಿ ಯಾರೂ ಅದರ ತಂಟೆಗೆ ಹೋಗಬೇಕಾಗಲಿಲ್ಲ.

ನಾಲ್ಕು ಕಂತೆಯದ್ದೂ ಸಾಧ್ಯವೇ? ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದ ವಿಲಿಯಂ ನೀವ್ಸ್ 1967ರಲ್ಲಿ ನ್ಯೂ ಮೆಕ್ಸಿಕೊದ ಆಲಮೊಗಾರ್ಡೊದಲ್ಲಿ ಅಂಥ ಒಂದು ಓತಿಯನ್ನು ಕಂಡಿದ್ದರು. ಅದರಿಂದ ವಂಶ ಮುಂದುವರಿದಿರಲಿಲ್ಲ. 2011ರಲ್ಲಿ ಬೌಮನ್ ತಂಡ ಅದೇ ಕುಲದ ಎಕ್ಸಾಂಗ್ವಿಸ್ ಎಂಬ ಮೂರು ಕಂತೆಯ ಓತಿಯ ಹೆಣ್ಣನ್ನು ಇನಾರ್ನೇಟಸ್ ಗಂಡಿನೊಡನೆ ಬಿಟ್ಟು, ನಾಲ್ಕು ಕಂತೆಯ, ತಾವೇ ಮೊಟ್ಟೆಯಿಟ್ಟು ಮುಂದುವರಿಯುವ ಹೆಣ್ಣುಗಳನ್ನು ಪಡೆಯಿತು. 2014ರಲ್ಲಿ ಅದಕ್ಕೆ ಆಸ್ಪಿಡೋಸೆಲಿಸ್ ನೀವ್ಸೈ ಎಂದು ಹೆಸರಿಟ್ಟರು. 2017ರಲ್ಲಿ ನಾಲ್ಕು ಕಂತೆಯ ಎರಡನೆಯ ವಂಶಕ್ಕೂ ನಾಮಕರಣವಾಯಿತು.

ವರ್ಗೀಕರಣದ ಜಗಳ ಬಿಸಿಯಾಗುವುದು ಇಲ್ಲಿ. ಪ್ರಯೋಗಾಲಯದ ತೊಟ್ಟಿಯಲ್ಲಿ ಹುಟ್ಟಿದ್ದಕ್ಕೆ ಪ್ರಭೇದದ ಪಟ್ಟ ಕೊಡಬಹುದೇ? ಪ್ರಾಣಿಗಳ ನಾಮಕರಣದ ಅಂತಾರಾಷ್ಟ್ರೀಯ ಸಂಹಿತೆ ಬಿಡಿ ಮಿಶ್ರತಳಿಗಳಿಗೆ ಹೆಸರಿಡುವುದನ್ನು ಒಪ್ಪುವುದಿಲ್ಲ. ಹೇಸರಗತ್ತೆಗೆ ಅದರದೇ ಪ್ರಭೇದನಾಮ ಇಲ್ಲದಿರುವುದು ಹೀಗೆ. ಆದರೆ ಮಿಶ್ರ ಮೂಲದಿಂದ ಬಂದು ತನ್ನ ಕಾಲ ಮೇಲೆ ನಿಂತ ವಂಶಕ್ಕೆ ಹೆಸರಿಟ್ಟರೆ ಸಂಹಿತೆ ತಡೆಯುವುದಿಲ್ಲ. ಅಂದರೆ ನಿರ್ಧರಿಸುವುದು ಹುಟ್ಟಿದ ರೀತಿಯಲ್ಲ, ಮುಂದುವರಿಯುವ ಶಕ್ತಿ. ನನಗೆ ಈ ನಿಲುವು ಸರಿಯೆನಿಸುತ್ತದೆ. ಕಾಡಿನಲ್ಲಿ ಅಕಸ್ಮಾತ್ ನಡೆದ ಕೂಟಕ್ಕೂ ತೊಟ್ಟಿಯಲ್ಲಿ ನಡೆಸಿದ ಕೂಟಕ್ಕೂ ಓತಿಯ ಮಟ್ಟಿಗೆ ಅಂತರವಿಲ್ಲ. ತಕರಾರು ಇರಬೇಕಾದದ್ದು ಬೇರೆ ಕಡೆ. ಒಂದೇ ಅಪ್ಪ ಅಮ್ಮನ ಪ್ರಭೇದಗಳು ಎರಡು ಬೇರೆ ಜಾಗಗಳಲ್ಲಿ ಎರಡು ಸಲ ಕೂಡಿ ಎರಡು ತದ್ರೂಪಿ ವಂಶಗಳು ಹುಟ್ಟಿದರೆ ಅವು ಒಂದು ಪ್ರಭೇದವೋ ಎರಡೋ? ಅಪ್ಪ ಎಷ್ಟು ಸಲ ಬಂದ ಎಂದು ಎಣಿಸದೆ ಇದಕ್ಕೆ ಉತ್ತರವಿಲ್ಲ. ಎಣಿಸಿದ ಮೇಲೂ ಉತ್ತರ ಹೇಳುವವರ ರುಚಿಯನ್ನು ಅವಲಂಬಿಸಿರುತ್ತದೆ.

ಯಾವ ಜೋಡಿ ಕೂಡಿದರೆ ಇಂಥ ವಂಶ ಹುಟ್ಟುತ್ತದೆ ಎಂಬುದಕ್ಕೆ ಮಾತ್ರ ಈಗ ಒಂದು ನಿಯಮ ಕಾಣತೊಡಗಿದೆ. 2022ರಲ್ಲಿ ಆಂಟನಿ ಬಾರ್ಲಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಈ ಕುಲದ ಪ್ರಭೇದಗಳ ಜೀನೋಮ್‌ಗಳನ್ನು ಹೋಲಿಸಿ ಬರೆದರು. ಹತ್ತಿರದ ನೆಂಟರು ಕೂಡಿದರೆ ಮರಿಗಳು ಎಂದಿನಂತೆ ಗಂಡುಹೆಣ್ಣಾಗಿ ಮುಂದುವರಿಯುತ್ತವೆ, ಎರಡು ಪ್ರಭೇದಗಳ ಅಂಚು ಕಲಸಿಹೋಗುತ್ತದೆ. ಬಹಳ ದೂರದವರು ಕೂಡಿದಾಗ ಹೆಣ್ಣುಗಳಷ್ಟೇ ಇರುವ ವಂಶ ಹುಟ್ಟುತ್ತದೆ.

ಮೊಟ್ಟೆಗೆ ವೀರ್ಯಾಣು ಬೇಡವೆಂದ ಮೇಲೂ ಈ ಹೆಣ್ಣುಗಳು ಕೂಟದ ಅಭಿನಯ ಬಿಟ್ಟಿಲ್ಲ. ಆಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಕ್ರೂಸ್ 1980ರಲ್ಲಿ ಸಹೋದ್ಯೋಗಿಯೊಂದಿಗೆ ಇದನ್ನು ವರದಿ ಮಾಡಿದಾಗ ದೊಡ್ಡ ಗದ್ದಲವಾಯಿತು. ಒಂದು ಯೂನಿಪೇರೆನ್ಸ್ ಇನ್ನೊಂದರ ಬೆನ್ನೇರುತ್ತದೆ, ಬಾಯಿಯಿಂದ ಅದನ್ನು ಕಚ್ಚಿ ಹಿಡಿಯುತ್ತದೆ, ಬಾಲವನ್ನು ಕೆಳಗಿನದರ ಬಾಲದಡಿಗೆ ತೂರಿಸಿ ಮೈಯನ್ನು ಕೋಡುಬಳೆಯ ಹಾಗೆ ಬಳಸುತ್ತದೆ. ಗಂಡು ಇರುವ ಪ್ರಭೇದಗಳಲ್ಲಿ ಗಂಡು ಮಾಡುವುದೂ ಇದನ್ನೇ. ಕೆಲವು ವಾರ ಬಿಟ್ಟು ನೋಡಿದರೆ ಪಾತ್ರ ಅದಲುಬದಲು: ಕೆಳಗಿದ್ದದ್ದು ಮೇಲೆ. ಮೊಟ್ಟೆ ಬಲಿಯುತ್ತಿರುವಾಗ ಅದು ಹೆಣ್ಣಿನ ಪಾತ್ರದಲ್ಲಿರುತ್ತದೆ. ಅಂಡ ಬಿಡುಗಡೆಯಾಗಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಏರಿದ ಮೇಲೆ ಗಂಡಿನ ಪಾತ್ರಕ್ಕೆ ಬರುತ್ತದೆ. ಜೊತೆಗಾತಿ ಇರುವ ಹೆಣ್ಣು ಒಂಟಿಯಾಗಿಟ್ಟದ್ದಕ್ಕಿಂತ ಹೆಚ್ಚು ಮೊಟ್ಟೆಯಿಟ್ಟಿತು ಎಂದೂ ಕ್ರೂಸ್ ತಂಡ ತೋರಿಸಿತು.

ಒಪ್ಪದವರೂ ಇದ್ದರು. ನ್ಯೂಯಾರ್ಕಿನ ಅಮೆರಿಕನ್ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಈ ಓತಿಗಳನ್ನು ತಲೆಮಾರುಗಟ್ಟಲೆ ಸಾಕಿದ್ದ ಚಾರ್ಲ್ಸ್ ಕೋಲ್ ಅವರಂಥವರಿಗೆ ಅದು ಇಕ್ಕಟ್ಟಿನ ಪಂಜರದ ವರ್ತನೆಯಾಗಿ ಕಂಡಿತು. ಓತಿಕ್ಯಾತನಿಗೆ ಬೇಲಿಗೂಟವೇ ಸಾಕ್ಷಿ ಎಂಬಂತೆ, ಪಂಜರದಲ್ಲಿ ನಡೆದದ್ದಕ್ಕೆ ಪಂಜರವೇ ಸಾಕ್ಷಿ ಎಂದರೆ ಸಾಲದು ಎನ್ನುವುದು ನ್ಯಾಯವಾದ ಮಾತೇ. ಆದರೆ ಹಾರ್ಮೋನಿನ ಏರಿಳಿತಕ್ಕೆ ಪಾತ್ರ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಳ್ಳುವುದನ್ನು ಬರೀ ಇಕ್ಕಟ್ಟಿನಿಂದ ವಿವರಿಸುವುದು ಕಷ್ಟ. ಪತ್ರಿಕೆಗಳು ಮನುಷ್ಯರ ಲೈಂಗಿಕತೆಯ ಪದಗಳನ್ನು ತಂದು ಇದಕ್ಕೆ ಅಂಟಿಸಿದವು. ಓತಿಗೂ ಅದರಿಂದ ಉಪಯೋಗವಾಗಲಿಲ್ಲ, ಮನುಷ್ಯರಿಗೂ ಆಗಲಿಲ್ಲ. ಎರಡು ಮಾಮೂಲಿ ಪ್ರಭೇದಗಳಿಂದ ಬಂದ ಮಿದುಳಿನಲ್ಲಿ ಗಂಡಿನ ನಡೆಯ ಹಳೆಯ ತಂತಿ ಇನ್ನೂ ಉಳಿದಿದೆ. ಮೀಟುವ ಹಾರ್ಮೋನು ಬದಲಾಗಿದೆ. ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ಇದೂ ಒಂದು.

ಈ ವಿಷಯ ಮತ್ತೆ ಚರ್ಚೆಗೆ ಬಂದದ್ದು 2024ರಲ್ಲಿ. ಈಗ ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದಲ್ಲಿರುವ ಬೌಮನ್ ಅವರ ತಂಡ ‘ಇ-ಲೈಫ್’ ಪತ್ರಿಕೆಯಲ್ಲಿ, ಮಾರ್ಮೊರೇಟಸ್‌ನಂಥ ಮಾಮೂಲಿ ಪ್ರಭೇದದ ಹೆಣ್ಣುಗಳೂ ಆಗೊಮ್ಮೆ ಈಗೊಮ್ಮೆ ಗಂಡಿನ ನೆರವಿಲ್ಲದೆ ಮರಿ ಪಡೆಯುತ್ತವೆ ಎಂದು ವರದಿ ಮಾಡಿತು. ಗಂಡು ಅದೇ ಪಂಜರದಲ್ಲಿದ್ದಾಗಲೂ! ಗಂಡು ಸಿಗದೆ ಗತಿಯಿಲ್ಲದೆ ಹೀಗಾಗುತ್ತದೆ ಎಂಬ ಹಳೆಯ ನಂಬಿಕೆಗೆ ಇದು ಹೊಡೆತ. ಸುದ್ದಿಗಳಲ್ಲಿ ಇದನ್ನು ನ್ಯೂ ಮೆಕ್ಸಿಕೊದ ಓತಿಯ ಕತೆಯೊಂದಿಗೆ ಕಲಸಿಬಿಡುವುದುಂಟು. ಅವೆರಡಕ್ಕೂ ನಂಟು ಕಡಿಮೆ. ನ್ಯೂ ಮೆಕ್ಸಿಕೊದ್ದು ಮೊದಲು ದುಪ್ಪಟ್ಟು ಮಾಡಿಕೊಂಡು ಆಮೇಲೆ ಹಂಚುತ್ತದೆ. ಇಲ್ಲಿ ಮೊದಲು ಹಂಚಿ, ಉಳಿದ ಅರ್ಧ ಪಾಲನ್ನು ಆಮೇಲೆ ದುಪ್ಪಟ್ಟು ಮಾಡುತ್ತದೆ. ಹಾಗಾಗಿ ಮರಿಯಲ್ಲಿ ಪ್ರತಿ ಜೀನಿನ ಎರಡು ಪ್ರತಿಯೂ ಒಂದೇ ಆಗಿಬಿಡುತ್ತದೆ. ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದು ಮುಚ್ಚಿಹಾಕುವ ಅವಕಾಶವಿಲ್ಲ. ಹಲವು ಮರಿಗಳು ಅಂಗವೈಕಲ್ಯದೊಂದಿಗೆ ರೂಪುಗೊಂಡವು. ಕೆಲವು ಮಾತ್ರ ಗಟ್ಟಿಮುಟ್ಟಾಗಿ ಬೆಳೆದವು. 2006ರಲ್ಲಿ ಇಂಗ್ಲೆಂಡಿನ ಮೃಗಾಲಯಗಳಲ್ಲಿ ಗಂಡಿಲ್ಲದೆ ಹುಟ್ಟಿದ ಕೊಮೊಡೊ ಉಡದ ಮರಿಗಳ ಸುದ್ದಿ ಈ ಎರಡನೆಯ ಬಗೆಗೆ ಹತ್ತಿರದ್ದು. ಅಲ್ಲಿ ಹುಟ್ಟಿದವೆಲ್ಲ ಗಂಡು.

ತದ್ರೂಪಿಯಾಗಿ ಬದುಕುವುದರ ಅಪಾಯ ಏನೆಂದು ನಂಜನಗೂಡಿನ ರಸಬಾಳೆ ಬೆಳೆದವರನ್ನು ಕೇಳಬೇಕು. ಅದೂ ಮೂರು ಕಂತೆಯ ಮಿಶ್ರತಳಿ, ಬೀಜವಿಲ್ಲ, ಕಂದಿನಿಂದ ಕಂದು. ಪನಾಮ ಸೊರಗು ರೋಗ ಒಂದು ಗಿಡಕ್ಕೆ ಹತ್ತಿದರೆ ಪಕ್ಕದ ಗಿಡದಲ್ಲಿ ಅದನ್ನು ತಡೆಯುವ ಬೇರೆ ಗುಣವೇ ಇರುವುದಿಲ್ಲ. ತೋಟಕ್ಕೆ ತೋಟ ಹೋಗುತ್ತದೆ. ಯೂನಿಪೇರೆನ್ಸ್ ಓತಿಗಳ ನಡುವೆ ಚರ್ಮದ ಚೂರುಗಳನ್ನು ಕಸಿ ಮಾಡಿದಾಗ ಒಂದರ ಚರ್ಮವನ್ನು ಇನ್ನೊಂದು ತನ್ನದೇ ಎಂಬಂತೆ ಉಳಿಸಿಕೊಂಡಿತು ಎಂದು 1976ರಲ್ಲಿಯೇ ಒರ್ಲ್ಯಾಂಡೊ ಕ್ವೆಯರ್ ತೋರಿಸಿದ್ದರು. ಅಷ್ಟು ಏಕರೂಪ. ಆದರೂ ಈ ಓತಿಗಳು ಸಾಯುತ್ತಿಲ್ಲ. ಪ್ರವಾಹ ಬಂದು ಕೊಚ್ಚಿಹೋದ ನದಿಬಯಲು, ಹುಲ್ಲು ಹೋಗಿ ಪೊದೆ ಹಬ್ಬಿದ ನೆಲ, ಇಂಥ ಕೆಡಿಸಿಟ್ಟ ಜಾಗಗಳಲ್ಲಿ ಅವು ಹಿಗ್ಗಿ ಬೆಳೆಯುತ್ತವೆ ಎಂದು ಗಮನಿಸಿದ ರೈಟ್ ಮತ್ತು ಲೋ 1968ರಲ್ಲಿ ಅವನ್ನು ಕಳೆಗಿಡಗಳಿಗೆ ಹೋಲಿಸಿದರು. ನಮ್ಮ ಹೊಲದ ಬದುವಿನ ಪಾರ್ಥೇನಿಯಂಗೂ ಈ ಬಗೆಯ ಹುಟ್ಟಿನ ‘ಪಾರ್ಥೆನೋಜೆನೆಸಿಸ್’ ಎಂಬ ಹೆಸರಿಗೂ ಮೂಲ ಒಂದೇ ಗ್ರೀಕ್ ಪದ, ಕನ್ಯೆ ಎಂಬರ್ಥದ್ದು. ಕಾಂಗ್ರೆಸ್ ಗಿಡ ಮಾತ್ರ ಬೀಜದಿಂದಲೇ ಹಬ್ಬುತ್ತದೆ.

ಕಳೆ ಎಂದು ತಳ್ಳಿಹಾಕುವುದು ಎಲ್ಲ ಕಡೆ ಸಲ್ಲದು. ಕೊಲರಾಡೊದ ನಿಯೋಟೆಸೆಲೇಟಸ್ ಮೂರು ಕಂತೆಯ, ಹೆಣ್ಣಷ್ಟೇ ಇರುವ ಓತಿ. ಅದರ ನೆಲೆ ಚಿಕ್ಕದು, ಅದರಲ್ಲಿ ಒಂದು ಪಾಲು ಫೋರ್ಟ್ ಕಾರ್ಸನ್ ಎಂಬ ಸೇನಾ ನೆಲೆಯೊಳಗಿದೆ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತಲೆಯ ಮೇಲೆ ವಿಮಾನಗಳು ಹಾರಿಹೋದಾಗ ಇವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ, ಓಡಾಟ ತಗ್ಗುತ್ತದೆ, ತಿನ್ನುವುದು ಹೆಚ್ಚುತ್ತದೆ. 1997ರಲ್ಲಿ ಅದಕ್ಕೆ ಪ್ರತ್ಯೇಕ ಹೆಸರು ಸಿಗದೆ ಇದ್ದಿದ್ದರೆ ಅದರ ಕಷ್ಟಸುಖವನ್ನು ಪ್ರತ್ಯೇಕವಾಗಿ ಯಾರೂ ವಿಚಾರಿಸುತ್ತಿರಲಿಲ್ಲ. ಹೆಸರು ಬರೀ ಗ್ರಂಥದ ಮಾತೆಂದುಕೊಂಡವರು ಈ ಓತಿಯನ್ನು ನೆನೆಯಬೇಕು.

ಚಾವಟಿಬಾಲದ ಓತಿ ಅಮೆರಿಕ ಖಂಡಗಳನ್ನು ಬಿಟ್ಟು ಬಂದಿಲ್ಲ. ಆದರೆ ಅದರಂಥ ಬಾಳು ನಮ್ಮ ಹಿತ್ತಿಲಲ್ಲೂ ಇದೆ. ಹೋದ ಮಳೆಗಾಲದಲ್ಲಿ ದಾಸವಾಳದ ಕುಂಡ ಬದಲಿಸುವಾಗ ಬೇರಿನ ಉಂಡೆಯಿಂದ ಕಪ್ಪಗೆ ಹೊಳೆಯುವ ಎರೆಹುಳದಂಥದ್ದೊಂದು ಉದುರಿತು. ಎರೆಹುಳ ಇಷ್ಟು ಚುರುಕಾಗಿ ಹರಿಯುವುದಿಲ್ಲವಲ್ಲ ಎಂದು ಬಗ್ಗಿ ನೋಡಿದರೆ ದಾರದಷ್ಟು ಸಣ್ಣ ನಾಲಗೆ ಹೊರಗೆ ಬಂದು ಒಳಗೆ ಹೋಯಿತು. ಹುಳುಹಾವು. ಕುರುಡು ಹಾವು ಎಂದೂ ಕರೆಯುತ್ತಾರೆ. ಹೂಕುಂಡಗಳ ಈ ಪುಟ್ಟ ಹಾವು ಕೂಡ ಮೂರು ಕಂತೆಯದ್ದು. ಗಂಡಿಲ್ಲದೆಯೇ ವಂಶ ನಡೆಸುವುದೆಂದು ತಿಳಿದಿರುವ ಹಾವಿನ ಪ್ರಭೇದ ಇದೊಂದೇ. ವಿಶಾಖಪಟ್ಟಣದಿಂದ ಹೋದ ವಿವರದ ಆಧಾರದ ಮೇಲೆ ಫ್ರಾನ್ಸಿನ ದೋದಾಂ 1803ರಲ್ಲಿ ಇದಕ್ಕೆ ‘ಬ್ರಾಮಿನಸ್’ ಎಂದು ಹೆಸರಿಟ್ಟರು. ಎರಿಕ್ಸ್, ಟಿಫ್ಲಾಪ್ಸ್, ರಾಂಫೊಟಿಫ್ಲಾಪ್ಸ್, 2014ರಲ್ಲಿ ಇಂಡೊಟಿಫ್ಲಾಪ್ಸ್ ಎಂದು ಇದರ ಕುಲನಾಮವೂ ಊರೂರು ಅಲೆದಿದೆ. ಹಾವು ಅದಕ್ಕಿಂತ ಹೆಚ್ಚು ಅಲೆದಿದೆ: ಗಿಡದ ಬೇರಿನ ಮಣ್ಣಿನಲ್ಲಿ ಕೂತು ಹವಾಯಿ, ಫ್ಲಾರಿಡಾದವರೆಗೆ. ಬಂದಿಳಿದ ನೆಲದಲ್ಲಿ ಜೊತೆ ಹುಡುಕಬೇಕಾಗಿಲ್ಲ, ಒಂದು ಹೆಣ್ಣು ಸಾಕು.

ಪಕ್ಕದ ಮನೆಯವರು ಬೇಲಿಯಾಚೆಯಿಂದ, ಹಾವೆಂದ ಮೇಲೆ ಎರಡಿರುತ್ತವೆ, ಇನ್ನೊಂದನ್ನೂ ಹುಡುಕಿಬಿಡಿ ಎಂದರು. ನಾನು ಅದನ್ನು ಹೊಸ ಕುಂಡದ ಮಣ್ಣಿಗೇ ಬಿಟ್ಟು ಮೇಲೆ ಗೊಬ್ಬರ ಹಾಕಿದೆ.